ಗ್ರ್ಯಾಬ್, ಬಲೆ, ಹಗ್ಗ: ಅಘನಾಶಿನಿ ಅಳಿವೆಯಲ್ಲಿ ಸ್ಯಾಂಪಲ್ ತೆಗೆದ ಕತೆ

ಅಘನಾಶಿನಿ ಅಳಿವೆಯಲ್ಲೂ ಅದರ ಬಾಯಿಂದಾಚೆ ಹತ್ತು ಮೀಟರ್ ಆಳದವರೆಗಿನ ಕಡಲಲ್ಲೂ ದೋಣಿಯಲ್ಲಿ ಹೋಗಿ ನೀರು, ಪ್ಲಾಂಕ್ಟನ್ (ನೀರಿನಲ್ಲಿ ತೇಲಿಕೊಂಡಿರುವ ಪುಟ್ಟ ಜೀವಿಗಳು), ತಳದ ಕೆಸರು ಸಂಗ್ರಹಿಸುವ ನನ್ನ ಕೆಲಸ ಕಳೆದ ವಾರ ಮುಗಿಯಿತು. ಇದೇ ಕೆಲಸಕ್ಕೆ ಹೊರಡಲಿರುವ ಜೂನಿಯರ್‌ಗಳು ಆಗಲೇ ಫೋನ್ ಮಾಡತೊಡಗಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ: ಯಾವ ಗ್ರ್ಯಾಬ್ ತಗೊಂಡ್ರಿ ಅಕ್ಕಾ, ಎಲ್ಲಿ ತಗೊಂಡ್ರಿ? ಗ್ರ್ಯಾಬ್ ಎಂದರೆ ಹಗ್ಗದಲ್ಲಿ ಇಳಿಬಿಟ್ಟು ತಳದ ಕೆಸರನ್ನು ಕಚ್ಚಿ ತರುವ ಸಾಧನ. ಅದಕ್ಕೂ ಮೊದಲು ಕೇಳಬೇಕಾದದ್ದು, ಅದನ್ನು ಎಳೆಯುವ ದೋಣಿ ಎಷ್ಟು ದೊಡ್ಡದು ಅಂತ. ಪ್ರಬಂಧಗಳಲ್ಲಿ ‘ತಳದ ಮಾದರಿಗಳನ್ನು ವ್ಯಾನ್ ವೀನ್ ಗ್ರ್ಯಾಬ್ ಬಳಸಿ ಸಂಗ್ರಹಿಸಲಾಯಿತು’ ಎಂಬ ಒಂದು ಸಾಲು ಇರುತ್ತದೆ. ಯಾರು ಎಳೆದರು, ಅಂಗೈ ಎಷ್ಟು ಉರಿಯಿತು, ಎಷ್ಟು ಸಲ ಅದು ಖಾಲಿ ಬಂತು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ.

ಜಾಗದ ಬಗ್ಗೆ ಎರಡು ಮಾತು. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಗೂ ಅಘನಾಶಿನಿ ಊರಿಗೂ ನಡುವೆ ಕಡಲು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಹಾಗಾಗಿ ಮಳೆಗಾಲದ ಸಿಹಿನೀರೂ ಬೇಸಿಗೆಯ ಉಪ್ಪುನೀರೂ ತಮ್ಮ ಪಾಡಿಗೆ ಹೋಗಿ ಬರುತ್ತವೆ. ಬೆಳಚು ಎಂಬ ಚಿಪ್ಪುಜೀವಿ, ಏಡಿ, ಶೆಟ್ಲಿ (ಸಿಗಡಿ), ಉಪ್ಪುನೀರು ಬರುವ ಗಜನಿ ಗದ್ದೆಯ ಕಗ್ಗ ಭತ್ತ, ಎಲ್ಲವೂ ಆ ಲಯದ ಮೇಲೇ ನಿಂತಿವೆ. 2024ರಲ್ಲಿ 4801 ಹೆಕ್ಟೇರ್ ಅಳಿವೆ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕೆಸರಿನೊಳಗೆ ಬದುಕುವ ಹುಳ, ಚಿಪ್ಪು, ಸಣ್ಣ ಸಿಗಡಿ ಜಾತಿಗಳು ಹಂಗಾಮಿನಿಂದ ಹಂಗಾಮಿಗೆ ಹೇಗೆ ಬದಲಾಗುತ್ತವೆ ಎಂದು ನೋಡುವುದು ನನ್ನ ವಿಷಯ. ನಾನು ಹಾವೇರಿ ಕಡೆಯವಳು. ದೋಣಿ ಹತ್ತಿದ್ದು ಈ ಕೆಲಸಕ್ಕಾಗಿಯೇ.

ಕಾಗದಪತ್ರದಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚು ಕಾಲ ತಿಂದದ್ದು ಅದೇ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಪತ್ರ ಓಡಿಸಲು ಹೇಳಿ ಮಾಡಿಸಿದ ಕಾಲ. ಅರಣ್ಯ ಇಲಾಖೆಗೆ ಮೊದಲು ಅರ್ಜಿ ಹಾಕಿ. ‘ಹುಳ ಹುಪ್ಪಟೆಗೆ ಅನುಮತಿ ಯಾಕೆ’ ಎಂದು ಕೇಳುವವರು ವಿಶ್ವವಿದ್ಯಾಲಯದಲ್ಲೇ ಸಿಗುತ್ತಾರೆ. ಬಲೆಯಲ್ಲಿ ಕಡಲಕುದುರೆ ಬಂದರೆ, ತಳದಿಂದ ಕಡಲಸೌತೆ ಎದ್ದು ಬಂದರೆ ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿರುವ ಜೀವಿಗಳು. ಸೀಸೆಗೆ ಹಾಕಿಕೊಂಡರೆ ಅಪರಾಧ. ಶಿಕ್ಷಣ, ಸಂಶೋಧನೆಗೆ ಅನುಮತಿ ಕೊಡಲು ಅದೇ ಕಾಯ್ದೆಯ 12ನೇ ಕಲಂ ಇದೆ. ನಾನು ಅರ್ಜಿಯಲ್ಲಿ ‘ಅನುಸೂಚಿತ ಜೀವಿ ಸಿಕ್ಕಿದರೆ ಫೋಟೊ ತೆಗೆದು ಅಲ್ಲೇ ಬಿಡಲಾಗುವುದು’ ಎಂದು ಸ್ಪಷ್ಟವಾಗಿ ಬರೆದು, ಯಾವ ಸಾಧನ, ಎಷ್ಟು ವಿಸ್ತೀರ್ಣದ ಮಾದರಿ, ಯಾವ ಅಕ್ಷಾಂಶ ರೇಖಾಂಶ ಎಂದು ಪಟ್ಟಿ ಲಗತ್ತಿಸಿದೆ. ಆ ಪಟ್ಟಿ ಇಲ್ಲದ ಮೊದಲ ಪ್ರತಿ ಎಷ್ಟೋ ಕಾಲ ಒಂದು ಮೇಜಿನ ಮೇಲೆ ಮಲಗಿತ್ತು. ಪಟ್ಟಿ ಇದ್ದ ಪ್ರತಿ ಮುಂದೆ ಹೋಯಿತು.

ಮೀನುಗಾರಿಕೆ ಇಲಾಖೆಗೆ ಮಾಹಿತಿ ಪತ್ರ, ಕರಾವಳಿ ಕಾವಲು ಪೊಲೀಸ್ ಠಾಣೆಗೆ ದೋಣಿ ನಂಬರು ಮತ್ತು ಹೋಗುವವರ ಹೆಸರು, ಆಧಾರ್ ಪ್ರತಿಗಳು. ದೋಣಿಯ ನೋಂದಣಿ, ಲೈಸೆನ್ಸ್, ವಿಮೆ ಮೂರರದ್ದೂ ಜೆರಾಕ್ಸ್ ಇಟ್ಟುಕೊಳ್ಳಿ. ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೋಣಿಗೇ ಒಯ್ಯಿರಿ. ಗಸ್ತಿನ ಬೋಟು ಅಡ್ಡ ಬಂದು ಕೇಳಿದಾಗ ‘ರೂಮಿನಲ್ಲಿದೆ ಸರ್’ ಎಂದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಮೊಬೈಲಿನಲ್ಲಿ ಕರಾವಳಿ ಭದ್ರತೆಯ 1093, ಕೋಸ್ಟ್ ಗಾರ್ಡಿನ 1554 ಎರಡೂ ಇರಲಿ.

ಯಾರೂ ಎಚ್ಚರಿಸದಿದ್ದ ಕಾಗದವೆಂದರೆ ಅಬಕಾರಿಯದ್ದು. ಡಿಎನ್‌ಎ ತೆಗೆಯಬೇಕಾದ ಮಾದರಿಯನ್ನು, ಜೀವಿಗಳು ಕೊಳೆಯದಂತೆ ಸಾಮಾನ್ಯವಾಗಿ ಬಳಸುವ ಫಾರ್ಮಲಿನ್‌ನಲ್ಲಿ ಇಟ್ಟರೆ ಡಿಎನ್‌ಎ ಹಾಳಾಗುತ್ತದೆ. ಅದಕ್ಕೆ ಎಥೆನಾಲ್ ಬೇಕು. ಎಥೆನಾಲ್ ಎಂದರೆ ಕಾನೂನಿನ ಕಣ್ಣಿಗೆ ಮದ್ಯಸಾರ. ಸಂಸ್ಥೆಯ ಹೆಸರಿನಲ್ಲಿ ಪರವಾನಗಿ, ಅದಕ್ಕೊಂದು ಮಿತಿ, ಖರ್ಚಿನ ರಿಜಿಸ್ಟರ್. ಕಡಲು ಶಾಂತವಾಗಿ, ದೋಣಿ ಸಿದ್ಧವಾಗಿ, ಗ್ರ್ಯಾಬ್ ಕೈಯಲ್ಲಿದ್ದೂ ಸ್ಪಿರಿಟ್ ಇಲ್ಲದೆ ನಾನು ಕುಮಟಾದ ಬಾಡಿಗೆ ಕೋಣೆಯಲ್ಲಿ ಕೂತಿದ್ದೆ. ಆಗ ಬಂದ ಸಿಟ್ಟು ಯಾರ ಮೇಲೆ ತೀರಿಸಬೇಕೆಂದೇ ತಿಳಿಯಲಿಲ್ಲ. ನಿಮ್ಮ ವಿಭಾಗಕ್ಕೆ ಪರವಾನಗಿ ಇದೆಯೇ, ಈ ವರ್ಷ ನವೀಕರಣ ಆಗಿದೆಯೇ ಎಂದು ಇವತ್ತೇ ಸ್ಟೋರಿನವರನ್ನು ಕೇಳಿ.

ಇನ್ನು ಗ್ರ್ಯಾಬ್. ಡಚ್ ಎಂಜಿನಿಯರ್ ವ್ಯಾನ್ ವೀನ್ 1930ರ ದಶಕದಲ್ಲಿ ಮಾಡಿದ ಈ ಸಾಧನದಲ್ಲಿ ಬ್ಯಾಟರಿ ಇಲ್ಲ, ತಂತಿ ಇಲ್ಲ. ಕಿರಾಣಿ ಅಂಗಡಿಯ ಸಕ್ಕರೆ ಸೌಟು ಎರಡನ್ನು ಎದುರುಬದುರು ಜೋಡಿಸಿ ಉದ್ದ ತೋಳು ಇಟ್ಟಂತಿರುತ್ತದೆ. ದವಡೆ ಅಗಲಿಸಿ ಒಂದು ಕೊಕ್ಕೆ ಸಿಕ್ಕಿಸಿ ಇಳಿಸುವುದು. ತಳ ಮುಟ್ಟಿ ಹಗ್ಗ ಸಡಿಲವಾದಾಗ ಕೊಕ್ಕೆ ಕಳಚುತ್ತದೆ. ಮೇಲೆಳೆದಾಗ ತೋಳುಗಳು ದವಡೆಯನ್ನು ಮುಚ್ಚಿ ಕೆಸರನ್ನು ಕಚ್ಚಿ ತರುತ್ತವೆ. ಎರಡು ಅಳತೆಗಳು ಸಾಮಾನ್ಯ: 0.1 ಚದರ ಮೀಟರ್ ಮತ್ತು 0.04 ಚದರ ಮೀಟರ್. ದೊಡ್ಡದನ್ನು ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇರುವ ಹಡಗಿಗೆಂದೇ ಮಾಡಿರುತ್ತಾರೆ. ನಮ್ಮ ವಿಭಾಗದ ಸ್ಟೋರಿನಲ್ಲಿ ಹಿಂದಿನ ಪ್ರಾಜೆಕ್ಟಿನದ್ದು ಒಂದು ದೊಡ್ಡದೇ ಇತ್ತು. ಅದನ್ನು ತದಡಿ ಬಂದರಿಗೆ ಒಯ್ದು ತೋರಿಸಿದಾಗ ದೋಣಿ ನಡೆಸುವ ತಾಂಡೇಲರು ಒಂದು ಕೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟರು. “ಎಳಿಯೂಕೆ ಅಡ್ಡಿಲ್ಲ ತಂಗಿ. ಕೆಸರು ತುಂಬ್ಕಂಡು ಬಂದಾಗ ದೋಣಿ ವಾಲ್ತದೆ, ನೀವು ಎಲ್ಲಿ ನಿಲ್ತ್ರಿ?” ಅಂದರು. ಅವರ ದೋಣಿ ಫೈಬರಿನದ್ದು, ಔಟ್‌ಬೋರ್ಡ್ ಇಂಜಿನ್, ಬಲೆ ಬಿಡಲು ಮಾಡಿದ್ದು. ಅಲ್ಲಿಗೆ 0.04ರದ್ದೇ ಎಂದು ತೀರ್ಮಾನವಾಯಿತು.

ಸಣ್ಣ ಗ್ರ್ಯಾಬಿಗೆ ತನ್ನದೇ ಬೆಲೆ ಇದೆ. ಒಂದು ಕಚ್ಚು ಎಂದರೆ ಇಪ್ಪತ್ತು ಸೆಂಟಿಮೀಟರಿನ ಚೌಕ. ಸಿಕ್ಕ ಜೀವಿಗಳ ಎಣಿಕೆಯನ್ನು 25ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಒಂದು ಹುಳ ಆಕಸ್ಮಿಕವಾಗಿ ಬಂದರೂ ಕಾಗದದಲ್ಲಿ 25 ಆಗುತ್ತದೆ. ಆದ್ದರಿಂದ ಒಂದು ತಾಣದಲ್ಲಿ ಕನಿಷ್ಠ ಮೂರು ಒಳ್ಳೆಯ ಕಚ್ಚು ಬೇಕೇಬೇಕು. ‘ಒಳ್ಳೆಯ’ ಎಂಬ ಮಾತಿಗೆ ಒತ್ತು ಕೊಡಿ: ದವಡೆಯ ನಡುವೆ ಒಂದು ಬೆಳಚಿನ ಚಿಪ್ಪು ಸಿಕ್ಕಿಕೊಂಡರೂ ಮೇಲೆ ಬರುವಷ್ಟರಲ್ಲಿ ಒಳಗಿನದ್ದೆಲ್ಲ ತೊಳೆದುಹೋಗಿರುತ್ತದೆ. ಅಘನಾಶಿನಿಯ ಬಾಯಲ್ಲಿ ಚಿಪ್ಪಿಗೇನು ಬರ. ಗಟ್ಟಿ ಮರಳಿನಲ್ಲಿ ಗ್ರ್ಯಾಬ್ ಮೇಲ್ಮೈಯನ್ನಷ್ಟೇ ಕೆರೆದು ಬರುತ್ತದೆ. ಅದಕ್ಕೆ ಎರಡೂ ದವಡೆಯ ಮೇಲೆ ಸೀಸದ ತೂಕ ಬೋಲ್ಟ್ ಮಾಡಿಸಿಕೊಂಡೆವು. ತೆರೆ ಇದ್ದ ದಿನ ದೋಣಿ ಏರಿ ಇಳಿಯುವಾಗ ಹಗ್ಗ ನಡುನೀರಲ್ಲೇ ಸಡಿಲವಾಗಿ ಕೊಕ್ಕೆ ಕಳಚುತ್ತದೆ. ಬಾಯಿ ಮುಚ್ಚಿಕೊಂಡು ಇಳಿದು, ಮುಚ್ಚಿಕೊಂಡೇ ಮೇಲೆ ಬರುತ್ತದೆ. ಬಿಡುವಾಗ ನಿಧಾನ, ತಳಕ್ಕೆ ಒಂದೆರಡು ಮೀಟರ್ ಇರುವಾಗ ಒಮ್ಮೆ ಹಿಡಿದು, ದೋಣಿ ಕೆಳಗಿಳಿಯುವ ಹೊತ್ತಿಗೆ ಬಿಡುವುದು. ಇದನ್ನು ನನಗೆ ಯಾವ ಕೈಪಿಡಿಯೂ ಹೇಳಲಿಲ್ಲ, ತಾಂಡೇಲರ ಮಗ ಹೇಳಿಕೊಟ್ಟ.

ವಿಂಚ್ ಇಲ್ಲದ್ದಕ್ಕೆ ಜಿಐ ಪೈಪು ಬಗ್ಗಿಸಿ ದೋಣಿಯ ಬದಿಗೆ ಕ್ಲಾಂಪ್ ಹಾಕಿಸಿ, ಗಾರೆ ಕೆಲಸದವರು ಬಕೆಟ್ ಎಳೆಯುವ ರಾಟೆ ತೂಗುಹಾಕಿದೆವು. ಕುಮಟಾದ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಸಾವಿರದ ಆಸುಪಾಸಿನಲ್ಲಿ ಆಯಿತು. ಇಡೀ ಪ್ರಾಜೆಕ್ಟಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಸುಖ ಕೊಟ್ಟ ವಸ್ತು ಇನ್ನೊಂದಿಲ್ಲ.

ಹಗ್ಗದ ವಿಷಯ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರಯೋಗಾಲಯ ಸಾಮಗ್ರಿ ಮಾರುವವರ ಹತ್ತಿರ ಕೊಳ್ಳಬೇಡಿ. ಬಂದರಿನ ಬಲೆ ಅಂಗಡಿಗೆ ಹೋಗಿ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಆಳದ ಲೆಕ್ಕ ಕೆಡುತ್ತದೆ. ನೈಲಾನ್ ಮುಳುಗುತ್ತದೆ, ಆದರೆ ಹೊಸ ನೈಲಾನ್ ನೀರು ಕುಡಿದ ಮೇಲೆ ಕುಗ್ಗುತ್ತದೆ. ಆದ್ದರಿಂದ ಮೊದಲು ಒಂದು ರಾತ್ರಿ ಉಪ್ಪುನೀರಲ್ಲಿ ನೆನೆಸಿ, ಎಳೆದು ಒಣಗಿಸಿ, ಆಮೇಲೆ ಮೀಟರಿಗೊಂದು ಗುರುತು ಹಾಕಿ. ಗುರುತಿಗೆ ಮಾರ್ಕರ್ ಪೆನ್ನು ನಿಲ್ಲುವುದಿಲ್ಲ. ಬಣ್ಣದ ದಾರ ಎಳೆಗಳ ನಡುವೆ ತೂರಿಸಿ ಗಂಟು ಹಾಕಿದರೆ ಕತ್ತಲಲ್ಲೂ ಕೈಗೆ ಸಿಗುತ್ತದೆ. ಗ್ರ್ಯಾಬನ್ನು ಹಗ್ಗಕ್ಕೆ ಸೇರಿಸುವ ಶ್ಯಾಕಲ್‌ನ (ಕಬ್ಬಿಣದ ಕೊಂಡಿಯ) ಪಿನ್ನಿಗೆ ತೆಳು ತಂತಿ ಸುತ್ತಿ ಬಿಗಿಯಿರಿ. ಅಲುಗಾಟಕ್ಕೆ ಪಿನ್ನು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗ್ರ್ಯಾಬ್ ಹೋದರೆ ನಲವತ್ತು ಸಾವಿರ ಹೋದಂತೆ.

ಪ್ಲಾಂಕ್ಟನ್ ಬಲೆಯದ್ದು ಬೇರೆಯೇ ಪುರಾಣ. ಬಲೆ ಎಂದರೆ ಬಾಯಿಗೆ ಬಳೆ, ತುದಿಗೆ ಸಣ್ಣ ಡಬ್ಬಿ ಇರುವ ಬಟ್ಟೆಯ ಶಂಕು. ಬಟ್ಟೆಯ ಕಣ್ಣು ಎಷ್ಟು ಎಂಬುದರ ಮೇಲೆ ಎಲ್ಲ ನಿಂತಿದೆ: ಪ್ರಾಣಿ ಪ್ಲಾಂಕ್ಟನ್‌ಗೆ 200 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಸಸ್ಯ ಪ್ಲಾಂಕ್ಟನ್‌ಗೆ 20 ಮೈಕ್ರಾನ್. ಮೂರು ಕೊಟೇಶನ್ ತರಿಸಿ, ಕಡಿಮೆ ಬೆಲೆಯವರಿಗೆ ಆರ್ಡರ್ ಕೊಟ್ಟು ಕಾದಿದ್ದಾಯಿತು. ಪಾರ್ಸೆಲ್ ಬಿಚ್ಚಿದಾಗ ಬಲೆ ನೋಡಲು ಚೆನ್ನಾಗಿಯೇ ಇತ್ತು, ಮೇಲೆ 200 ಎಂಬ ಚೀಟಿಯೂ ಇತ್ತು. ಗೈಡ್ ಮೇಡಂ ಮಾತ್ರ “ಚೀಟಿ ಓದಬೇಡ, ಸ್ಕೋಪಿನಡಿ ಇಟ್ಟು ನೋಡು” ಅಂದರು. ಸ್ಟೇಜ್ ಮೈಕ್ರೋಮೀಟರ್ ಎಂಬ ಸೂಕ್ಷ್ಮ ಅಳತೆಪಟ್ಟಿ ಇಟ್ಟು ಅಳೆದರೆ ಕಣ್ಣುಗಳು 300ರ ಮೇಲೆ! ಕೊಪಿಪಾಡ್ ಎಂಬ ಸಣ್ಣ ಕವಚಜೀವಿಗಳು, ಚಿಪ್ಪಿನ ಮರಿಗಳು ಅರ್ಧಕ್ಕರ್ಧ ಸೋರಿಹೋಗುತ್ತಿದ್ದವು; ವರ್ಷವಿಡೀ ದುಡಿದು ‘ಇಲ್ಲಿ ಸಣ್ಣ ಜೀವಿಗಳೇ ಇಲ್ಲ’ ಎಂದು ಬರೆಯುವ ಗತಿ ಬರುತ್ತಿತ್ತು. ಮಾರಿದವರು ಮೊದಲು ವಾದ ಮಾಡಿದರು, ಸೂಕ್ಷ್ಮದರ್ಶಕದ ಫೋಟೊ ಕಳಿಸಿದ ಮೇಲೆ ವಾಪಸ್ ತೆಗೆದುಕೊಂಡರು. ಹಣ ಮರಳಲು ಮತ್ತಷ್ಟು ಕಾಯಬೇಕಾಯಿತು.

ಆ ಹೊತ್ತಿಗೆ ನಾವು ಬಲೆಯನ್ನು ಇಲ್ಲೇ ಮಾಡಿಸಿಬಿಟ್ಟಿದ್ದೆವು. ಅಳೆದು ನೋಡಿದ ನೈಲಾನ್ ಬೋಲ್ಟಿಂಗ್ ಬಟ್ಟೆ (ಸೋಸುವ ಬಟ್ಟೆ) ಮೀಟರ್ ಲೆಕ್ಕದಲ್ಲಿ ತರಿಸಿ, ಟಾರ್ಪಾಲಿನ್ ಹೊಲಿಯುವವರ ಹತ್ತಿರ ಕತ್ತರಿಸಿ ಕೊಟ್ಟೆ. ಬಾಯಿಯ ಅಂಚಿಗೆ ಕ್ಯಾನ್ವಾಸ್ ಪಟ್ಟಿ, ಎಂಟು ಮಿಲಿಮೀಟರ್ ಸ್ಟೀಲ್ ಸರಳಿನ ಬಳೆ, ವ್ಯಾಸ ಐವತ್ತು ಸೆಂಟಿಮೀಟರ್. ತುದಿಯ ಡಬ್ಬಿ ಪ್ಲಂಬಿಂಗ್ ಅಂಗಡಿಯ ಪಿವಿಸಿ ತುಂಡು, ಬದಿಗೆ ಕಿಟಕಿ ಕೊರೆದು ಅದೇ ಬಟ್ಟೆ ಅಂಟಿಸಿದ್ದು. ಎಲ್ಲ ಸೇರಿ ಆರು ಸಾವಿರದೊಳಗೆ ಆಯಿತು. ಹೊಲಿಗೆಯ ತೂತುಗಳಿಗೆ ಒಳಗಿನಿಂದ ಸಿಲಿಕೋನ್ ಹಚ್ಚಿಸಿ, ಇಲ್ಲವಾದರೆ ಅಲ್ಲಿಂದಲೇ ಸೋರುತ್ತದೆ.

ಉಳಿಸಿದ ದುಡ್ಡು ಫ್ಲೋಮೀಟರಿಗೆ ಹೋಯಿತು; ಅದರಲ್ಲಿ ಜಿಪುಣತನ ಬೇಡ. ಬಲೆಯ ಬಾಯಲ್ಲಿ ಕಟ್ಟುವ ಈ ಪುಟ್ಟ ಪಂಕ ಎಷ್ಟು ಸುತ್ತು ತಿರುಗಿತು ಎಂಬುದರಿಂದ ಎಷ್ಟು ನೀರು ಸೋಸಿತು ಎಂದು ತಿಳಿಯುತ್ತದೆ. ಐವತ್ತು ಸೆಂಟಿಮೀಟರ್ ಬಾಯಿಯ ವಿಸ್ತೀರ್ಣ ಸುಮಾರು 0.196 ಚದರ ಮೀಟರ್. 200 ಮೀಟರ್ ಎಳೆದರೆ 39 ಘನ ಮೀಟರ್ ನೀರು. ಇದು ಕಾಗದದ ಲೆಕ್ಕ. ಮಳೆ ಬಿಟ್ಟ ಹೊಸತರಲ್ಲಿ ಹೂಳು, ಎಲೆಚೂರು, ಲೋಳೆಮೀನು ಬಲೆಯ ಕಣ್ಣು ಕಟ್ಟಿ, ನೀರು ಒಳಗೆ ಹೋಗದೆ ಬಾಯಿಯಿಂದ ಹೊರಗೇ ಸರಿಯುತ್ತದೆ. ಮೀಟರ್ ಇಲ್ಲದಿದ್ದರೆ ಇದು ಗೊತ್ತೇ ಆಗುವುದಿಲ್ಲ. ಎಳೆಯುವ ಹೊತ್ತನ್ನು ಕಡಿಮೆ ಮಾಡಿ, ಐದು ನಿಮಿಷ ಸಾಕು. ದೋಣಿ ಮೇಲಿರುವಾಗ ಗಾಳಿಗೇ ಪಂಕ ತಿರುಗುತ್ತದೆ. ನೀರಿಗಿಳಿಸುವ ಕ್ಷಣದವರೆಗೆ ಬೆರಳಲ್ಲಿ ಹಿಡಿದುಕೊಂಡು, ಇಳಿಸುವ ಮುಂಚಿನ ಅಂಕಿಯನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರಿಂದ ಬರೆಸಿ.

ಔಟ್‌ಬೋರ್ಡ್ ಇಂಜಿನ್ನಿನ ತೊಂದರೆ ಏನೆಂದರೆ ಅದರ ‘ನಿಧಾನ’ವೂ ಬಲೆಗೆ ಜಾಸ್ತಿ. ಒಂದೆರಡು ನಾಟ್ (ಗಂಟೆಗೆ ಸುಮಾರು ಎರಡರಿಂದ ನಾಲ್ಕು ಕಿಲೋಮೀಟರ್) ವೇಗದಲ್ಲಿ ಎಳೆಯಬೇಕಾದ ಬಲೆ ಅದಕ್ಕೂ ಹೆಚ್ಚಾದರೆ ಮೇಲೆದ್ದು ನೊರೆ ಕಾರುತ್ತದೆ. ಬಳೆಯ ಕೆಳಗೆ ಮೂರು ಕಿಲೋ ತೂಕ ಕಟ್ಟಿದರೆ ಸರಿಹೋಗುತ್ತದೆ.

ದೋಣಿ ಹುಡುಕುವುದು ಕಷ್ಟವಲ್ಲ, ಒಪ್ಪಂದ ಮಾಡಿಕೊಳ್ಳುವುದು ಕಷ್ಟ. ಅರ್ಧ ದಿನಕ್ಕೆ ಮೂರು ಸಾವಿರ, ಎಣ್ಣೆ ಬೇರೆ ಎಂದು ಮಾತಾಯಿತು. ವಿಶ್ವವಿದ್ಯಾಲಯಕ್ಕೆ ಜಿಎಸ್‌ಟಿ ಬಿಲ್ಲು ಬೇಕು. ಮೀನುಗಾರರ ಹತ್ತಿರ ಅದು ಎಲ್ಲಿಂದ ಬರಬೇಕು? ರೆವಿನ್ಯೂ ಸ್ಟಾಂಪ್ ಅಂಟಿಸಿದ ರಸೀದಿ, ದೋಣಿಯ ನೋಂದಣಿ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವಿಷ್ಟಕ್ಕೆ ಹಣಕಾಸು ವಿಭಾಗದ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಬಂಗುಡೆ ಬಿದ್ದ ದಿನ ನಿಮ್ಮ ದೋಣಿ ನಿಮಗೆ ಸಿಗುವುದಿಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು. ನಮ್ಮ ಮೂರು ಸಾವಿರದ ಮುಂದೆ ಒಂದು ಒಳ್ಳೆಯ ಬಲೆ ಎಷ್ಟೋ ದೊಡ್ಡದು.

ದಿನ ಗೊತ್ತು ಮಾಡುವಾಗ ಕ್ಯಾಲೆಂಡರಿನ ಭಾನುವಾರ ನೋಡಬೇಡಿ, ತಿಥಿ ನೋಡಿ. ಅಮಾವಾಸ್ಯೆ ಹುಣ್ಣಿಮೆಯ ಭರತ ಇಳಿತದಲ್ಲಿ ಅಳಿವೆಯ ಬಾಯಲ್ಲಿ ಸೆಳೆತ ಜೋರು. ಹಗ್ಗ ಓರೆಯಾಗಿ ಹೋಗಿ ಐದು ಮೀಟರ್ ಆಳಕ್ಕೆ ಎಂಟು ಮೀಟರ್ ಬಿಡಬೇಕಾಗುತ್ತದೆ, ಗ್ರ್ಯಾಬ್ ಮಗ್ಗುಲಾಗಿ ಬೀಳುತ್ತದೆ. ಅಷ್ಟಮಿ ನವಮಿಯ ಆಸುಪಾಸಿನಲ್ಲಿ ನೀರು ಸಮಾಧಾನವಾಗಿರುತ್ತದೆ. ಬೆಳಗ್ಗೆ ಮೂಡಗಾಳಿ ಇರುವಾಗಲೇ ಬಾಯಿ ದಾಟಿ ಹೊರಗಿನ ತಾಣ ಮುಗಿಸಿ, ಪಡುಗಾಳಿ ಏಳುವ ಮೊದಲು ಒಳಗೆ ಬಂದುಬಿಡಬೇಕು. ಒಂದು ದಿನ ಐಸ್ ಬಾಕ್ಸ್, ಸೀಸೆ, ಗ್ರ್ಯಾಬ್ ಎಲ್ಲ ಹೇರಿ ಜಾಕೆಟ್ ಹಾಕಿ ಕೂತ ಮೇಲೆ ತಾಂಡೇಲರು ಬಾಯಿಯ ಕಡೆ ನೋಡಿ, “ಇವತ್ತು ಬ್ಯಾಡ. ದಿಬ್ಬದ ಮೇಲೆ ತೆರೆ ಒಡೀತಾ ಉಂಟು” ಎಂದು ಇಂಜಿನ್ ಮೇಲೆತ್ತಿದರು. ನನ್ನ ಕಣ್ಣಿಗೆ ಕಡಲು ತಣ್ಣಗಿತ್ತು. ಬಿಳಿ ಗೆರೆಯೊಂದು ದೂರದಲ್ಲಿ ಮೂಡಿ ಮಾಯವಾಗುತ್ತಿತ್ತು, ಅಷ್ಟೇ. ಅವರ ಮಾತಿಗೆ ಎದುರಾಡಲಿಲ್ಲ. ಅಳಿವೆಯ ಬಾಯಲ್ಲಿ ದೋಣಿ ಮಗುಚುವುದು ಈ ಕರಾವಳಿಗೆ ಹೊಸ ಸುದ್ದಿಯೇನಲ್ಲ. ನಿಮ್ಮ ವೇಳಾಪಟ್ಟಿಯಲ್ಲಿ ಇಂಥ ದಿನಗಳಿಗೆ ಜಾಗ ಬಿಡಿ, ಗೈಡಿಗೂ ಮೊದಲೇ ಹೇಳಿಡಿ.

ನಾನು ಎಣಿಸದೇ ಇದ್ದ ಅಡ್ಡಿ ನೀರಿನದ್ದಲ್ಲ, ದಡದ್ದು. ಇಳಿತದಲ್ಲಿ ಬೆಳಚು ಆರಿಸುತ್ತಿದ್ದ ಹೆಂಗಸರು ನಮ್ಮ ದೋಣಿ ಗ್ರ್ಯಾಬ್ ಎತ್ತುವುದನ್ನು ಒಂದಷ್ಟು ಹೊತ್ತು ನೋಡಿ, ಸೊಂಟದಷ್ಟು ನೀರಿಗೆ ಇಳಿದು ಬಂದು “ಯಾವ ಕಂಪನಿಯವರು?” ಎಂದು ಕೇಳಿದರು. ಯೂನಿವರ್ಸಿಟಿ ಎಂದರೆ ನಂಬಲಿಲ್ಲ. “ಮೊದ್ಲು ಬಂದವ್ರೂ ಹಂಗೇ ಹೇಳಿದ್ರು” ಎಂದರು ಒಬ್ಬ ಅಜ್ಜಿ. ಅವರನ್ನು ದೂರುವಂತಿಲ್ಲ. ತದಡಿಗೆ ಬಂದರು ಎಂದರು, ಉಷ್ಣ ವಿದ್ಯುತ್ ಸ್ಥಾವರ ಎಂದರು, ಈಗ ಈ ನದಿಯ ನೀರನ್ನು ಒಳನಾಡಿನ ವೇದಾವತಿ ನದಿಗೆ ತಿರುಗಿಸುವ ಮಾತು. ಪ್ರತಿ ಪ್ರಸ್ತಾಪಕ್ಕೂ ಮುನ್ನ ಯಾರೋ ಒಬ್ಬರು ದೋಣಿಯಲ್ಲಿ ಬಂದು ಕೆಸರು ಕೆದಕಿ ಜಿಪಿಎಸ್ ನೋಡಿಕೊಂಡು ಹೋಗಿರುತ್ತಾರೆ. ನಮ್ಮ ಕೈಲಿದ್ದದ್ದೂ ಅವೇ ಸಾಧನಗಳು.

ಆ ದಿನ ಕೆಲಸ ನಿಲ್ಲಿಸಿ ದಡಕ್ಕೆ ಹೋದೆವು. ಜರಡಿಯಲ್ಲಿ ಉಳಿದದ್ದನ್ನು ಬಿಳಿ ತಟ್ಟೆಗೆ ಸುರಿದು ನೀರು ಹಾಕಿ ಅವರ ಮುಂದಿಟ್ಟೆ. ಕೂದಲಿನಷ್ಟು ತೆಳುವಾದ ಕೆಂಪು ಹುಳಗಳು ಸುರುಳಿ ಬಿಚ್ಚುತ್ತಿದ್ದವು. ಮರಳಿನ ಕಣ ಅಂಟಿಸಿಕೊಂಡ ಕೊಳವೆಯೊಂದರಿಂದ ಹುಳ ತಲೆ ಹೊರಹಾಕಿ ಒಳಗೆ ಹೋಯಿತು. ಬಟಾಣಿಗಿಂತ ಸಣ್ಣ ಏಡಿಯೊಂದು ತಟ್ಟೆಯ ಅಂಚು ಹತ್ತಲು ನೋಡುತ್ತಿತ್ತು. ಮೂಲೆಯಲ್ಲಿ ಸಾಸಿವೆಗಿಂತ ತುಸು ದೊಡ್ಡ, ಒಳಗಿನ ಜೀವ ಕಾಣುವಷ್ಟು ತೆಳುವಾದ ಚಿಪ್ಪುಗಳು. ಅಜ್ಜಿ ಬಗ್ಗಿ, ಬೆರಳ ತುದಿಯಲ್ಲಿ ಒಂದನ್ನು ಎತ್ತಿ, “ಇದು ಬೆಳಚಿನ ಮರಿಯಲ್ದೇ?” ಅಂದರು. ನಾನು ಪ್ರಯೋಗಾಲಯಕ್ಕೆ ಹೋದ ಮೇಲೆ ಖಚಿತ ಮಾಡಿಕೊಂಡದ್ದನ್ನು ಅವರು ಅಲ್ಲೇ ಹೇಳಿದ್ದರು. ಯಾವ ತಾಣದಲ್ಲಿ ಮರಿ ಹೆಚ್ಚು, ಯಾವ ತಿಂಗಳು ತೆಗೆಯಬಾರದು ಎಂಬ ಮಾಹಿತಿಯೂ ಆಮೇಲೆ ಅವರಿಂದಲೇ ಬಂತು. ಗ್ರಾಮ ಪಂಚಾಯ್ತಿಗೆ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದು, ಏನು ಮಾಡುತ್ತೇವೆ, ಎಷ್ಟು ಕೆಸರು ತೆಗೆಯುತ್ತೇವೆ, ಫಲಿತಾಂಶ ಊರಿಗೆ ಹೇಗೆ ತಿಳಿಸುತ್ತೇವೆ ಎಂದು ಹೇಳಿ ಸಹಿ ಪಡೆದೆ. ಡ್ರೆಜ್ ಎಳೆಯುವ ಯೋಚನೆಯನ್ನು ಬೆಳಚಿನ ದಿಬ್ಬಗಳ ಮಟ್ಟಿಗೆ ಕೈಬಿಟ್ಟೆವು. ಚೌಕಟ್ಟಿಗೆ ಚೀಲ ಕಟ್ಟಿದ ಆ ಸಾಧನ ತಳವನ್ನು ಉದ್ದಕ್ಕೂ ಉಜ್ಜಿಕೊಂಡು ಹೋಗುತ್ತದೆ. ಅವರ ಅನ್ನದ ತಟ್ಟೆಯ ಮೇಲೆ ಅದನ್ನು ಎಳೆಯುವ ಹಕ್ಕು ನಮಗಿಲ್ಲ ಎಂದೇ ನನ್ನ ಅಭಿಪ್ರಾಯ.

ನೀರಿನ ಮಾದರಿಗೆ ನಿಸ್ಕಿನ್ ಬಾಟಲಿ ಬೇಕೇ ಬೇಕೆ ಎಂದು ಕೇಳುತ್ತೀರಿ. ಮೇಲ್ಮೈಗೆ ಪ್ಲಾಸ್ಟಿಕ್ ಬಕೆಟ್ ಸಾಕು. ಆದರೆ ಮಳೆಗಾಲದ ಕೊನೆಗೆ ಮೇಲಿನ ನೀರು ಬಹುಪಾಲು ಸಿಹಿ, ಅಡಿಯಲ್ಲಿ ಉಪ್ಪು. ಹುಳಗಳು ಇರುವುದು ಅಡಿಯಲ್ಲಿ. ತಳದ ನೀರು ತೆಗೆಯದೆ ತಳದ ಜೀವಿಗಳ ಬಗ್ಗೆ ಬರೆಯುವುದು ಸರಿಯಲ್ಲ. ನಿಸ್ಕಿನ್ ಎಂದರೆ ಎರಡೂ ತುದಿ ತೆರೆದ ಕೊಳವೆ. ಬೇಕಾದ ಆಳಕ್ಕೆ ಇಳಿಸಿ ಹಗ್ಗದ ಮೇಲೆ ಮೆಸೆಂಜರ್ ಎಂಬ ಹಿತ್ತಾಳೆ ಗುಂಡು ಬಿಟ್ಟರೆ ಎರಡು ಮುಚ್ಚಳವೂ ಪಟ್ಟನೆ ಬೀಳುತ್ತವೆ. ಒಳಗಿನ ರಬ್ಬರ್ ಬಿಸಿಲಿಗೆ ಸತ್ತು ಹೋಗುತ್ತದೆ, ಹೊರಡುವ ಮುನ್ನ ಎಳೆದು ನೋಡಿ. ಎರಡನೇ ಮೆಸೆಂಜರ್ ಜೇಬಿನಲ್ಲಿರಲಿ. ದುಡ್ಡಿಲ್ಲದಿದ್ದರೆ ತೂಕ ಕಟ್ಟಿದ ಗಾಜಿನ ಬಾಟಲಿ, ಬಿರಡೆಗೆ ಇನ್ನೊಂದು ದಾರ. ಆಳಕ್ಕೆ ಹೋದ ಮೇಲೆ ದಾರ ಎಳೆದರೆ ಬಿರಡೆ ಕಳಚುತ್ತದೆ. ಉಪ್ಪಿನ ಅಂಶ, ಪೋಷಕಾಂಶಕ್ಕೆ ಇದು ನಡೆಯುತ್ತದೆ. ಕರಗಿದ ಆಮ್ಲಜನಕಕ್ಕೆ ನಡೆಯುವುದಿಲ್ಲ, ಗುಳುಗುಳು ಗಾಳಿ ಸೇರಿಬಿಡುತ್ತದೆ.

ಆಮ್ಲಜನಕದ ಸೀಸೆಯನ್ನೇ ಎಲ್ಲಕ್ಕಿಂತ ಮೊದಲು ತುಂಬಿಸಿ. ಕೊಳವೆ ಸೀಸೆಯ ತಳ ಮುಟ್ಟಬೇಕು, ನೀರು ಉಕ್ಕಿ ಹರಿಯಬೇಕು, ಗುಳ್ಳೆ ಒಂದೂ ಇರಬಾರದು. ಆಮ್ಲಜನಕ ಅಳೆಯಲು ಬಳಸುವ ವಿಂಕ್ಲರ್ ದ್ರಾವಣ ಎರಡನ್ನೂ ದೋಣಿಯಲ್ಲೇ ಹಾಕಬೇಕು. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಬಿಳಿಯಾಗಿಯೇ ಉಳಿದರೆ ಇಲ್ಲ. ನೀರಿನ ತಿಳಿತನಕ್ಕೆ ಸೆಕಿ ತಟ್ಟೆ. 1865ರಲ್ಲಿ ಆಂಜೆಲೋ ಸೆಕಿ ಎಂಬ ಪಾದ್ರಿ ಹಡಗಿನಿಂದ ಇಳಿಬಿಟ್ಟು ನೋಡಿದ ಅದೇ ಬಿಳಿ ತಟ್ಟೆ. ಕೊಳ್ಳಬೇಡಿ, ಮಾಡಿಸಿ. ಅಳೆಯುವಾಗ ದೋಣಿಯ ನೆರಳಿನ ಬದಿಗೆ ಬಿಡಿ, ಕಪ್ಪು ಕನ್ನಡಕ ತೆಗೆಯಿರಿ.

ಜರಡಿ ಆಡುವ ಕೆಲಸವನ್ನು ದೋಣಿಯಲ್ಲೇ ಮುಗಿಸುವುದು ಲೇಸು, ಇಲ್ಲವಾದರೆ ಕೆಸರಿನ ಭಾರ ಹೊತ್ತು ಸೊಂಟ ಹೋಗುತ್ತದೆ. ಕಣ್ಣು 0.5 ಮಿಲಿಮೀಟರ್. ಕೆಸರನ್ನು ಕೈಯಲ್ಲಿ ತಿಕ್ಕಿದರೆ ಹುಳ ತುಂಡಾಗಿ, ಆಮೇಲೆ ಗುರುತಿಸುವಾಗ ತಲೆ ಒಂದು ಕಡೆ, ಬಾಲ ಒಂದು ಕಡೆ. ಟಬ್ಬಿನ ನೀರಿನಲ್ಲಿ ಜರಡಿ ಅರ್ಧ ಮುಳುಗಿಸಿ ಮೆಲ್ಲಗೆ ಅಲ್ಲಾಡಿಸಿ. ಕಪ್ಪು ಕೆಸರು ಬಂದ ತಾಣಗಳಲ್ಲಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದಕ್ಕೆ ದೋಣಿಯ ಓಲಾಟ ಸೇರಿದರೆ ಬೆಳಗ್ಗೆ ತಿಂದದ್ದು ಉಳಿಯುವುದು ಕಷ್ಟ. ನಾನು ಒಣ ಅವಲಕ್ಕಿ, ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ.

ಫಾರ್ಮಲಿನ್ ಲೆಕ್ಕದಲ್ಲಿ ಎಲ್ಲರೂ ಗೊಂದಲ ಪಡುತ್ತಾರೆ. ಅಂಗಡಿಯ ಫಾರ್ಮಲಿನ್‌ನಲ್ಲೇ ಫಾರ್ಮಾಲ್ಡಿಹೈಡ್ ಇರುವುದು ಶೇ 37ರಿಂದ 40. ಅದರ ಒಂದು ಪಾಲಿಗೆ ಒಂಬತ್ತು ಪಾಲು ಸಮುದ್ರದ ನೀರು ಸೇರಿಸಿದರೆ ‘ಶೇ 10 ಫಾರ್ಮಲಿನ್’ ಅಥವಾ ‘ಶೇ 4 ಫಾರ್ಮಾಲ್ಡಿಹೈಡ್’, ಎರಡೂ ಒಂದೇ. ಬೋರಾಕ್ಸ್ ಹಾಕದಿದ್ದರೆ ಅದರ ಆಮ್ಲಕ್ಕೆ ಮರಿ ಚಿಪ್ಪುಗಳು ಕರಗುತ್ತವೆ. ರೋಸ್ ಬೆಂಗಾಲ್ ಬಣ್ಣ ಒಂದು ಚಿಟಿಕೆ ಸೇರಿಸಿದರೆ ಜೀವಿಗಳು ಗುಲಾಬಿಯಾಗಿ ಕಸದ ನಡುವೆ ಕಣ್ಣಿಗೆ ಬೀಳುತ್ತವೆ. ಫಾರ್ಮಲಿನ್ ಕ್ಯಾನ್ಸರ್‌ಕಾರಕ. ಕೈಗವಸು, ಕನ್ನಡಕ ಬೇಕು, ಗಾಳಿಗೆ ಬೆನ್ನು ಹಾಕಿ ಸುರಿಯಬೇಕು. ಫಾರ್ಮಲಿನ್ ಕ್ಯಾನ್ ಹಿಡಿದು ಬಸ್ ಹತ್ತಲು ಹೋದ ನನ್ನ ಸಹಪಾಠಿಯನ್ನು ಕಂಡಕ್ಟರ್ ಇಳಿಸಿದ್ದು ಸರಿಯಾಗಿಯೇ ಇತ್ತು. ಸ್ಯಾಂಪಲ್ ಸಾಗಿಸಲು ತಿಂಗಳಿಗೊಮ್ಮೆ ಬಾಡಿಗೆ ಗಾಡಿಯ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ತೋರಿಸಿ. ಎಥೆನಾಲ್‌ನಲ್ಲಿಟ್ಟದ್ದನ್ನು ಮರುದಿನ ಹೊಸ ಸ್ಪಿರಿಟ್‌ಗೆ ಬದಲಿಸಿ. ಜೀವಿಗಳ ಮೈಯ ನೀರಿಗೆ ಮೊದಲಿನದ್ದು ತೆಳುವಾಗಿರುತ್ತದೆ.

ಲೇಬಲ್ ಸೀಸೆಯ ಹೊರಗೆ ಮಾತ್ರ ಅಂಟಿಸಿದರೆ ಐಸಿನ ನೀರಿಗೆ ಕಿತ್ತು ಹೋಗುತ್ತದೆ. ಟ್ರೇಸಿಂಗ್ ಪೇಪರಿನ ಚೂರಿನ ಮೇಲೆ ಪೆನ್ಸಿಲಿನಲ್ಲಿ ತಾಣ, ದಿನಾಂಕ, ಗ್ರ್ಯಾಬಿನ ಕ್ರಮಸಂಖ್ಯೆ ಬರೆದು ಒಳಗೂ ಹಾಕಿ. ಪೆನ್ನಿನ ಶಾಯಿ ಸ್ಪಿರಿಟ್‌ಗೆ ಬಿಟ್ಟುಹೋಗುತ್ತದೆ, ಪೆನ್ಸಿಲ್ ಹೋಗುವುದಿಲ್ಲ.

ಗ್ರ್ಯಾಬ್, ರಾಟೆ ಕಟ್ಟುವ ಪೈಪು, ಎರಡು ಬಲೆ, ಗುರುತು ಹಾಕಿದ ಹಗ್ಗ ಈಗ ತೊಳೆದು ಎಣ್ಣೆ ಹಚ್ಚಿ ನಮ್ಮ ವಿಭಾಗದ ಸ್ಟೋರಿನಲ್ಲಿವೆ. ಬೇರೆ ಕಾಲೇಜಿನವರಿಗೂ ಎರವಲು ಕೊಡುತ್ತಾರೆ. ನಿಮ್ಮ ಗೈಡ್ ಸಹಿಯ ಪತ್ರ ಮತ್ತು ವಾಪಸ್ ತರುವ ದಿನಾಂಕ ಬೇಕು. ಫ್ಲೋಮೀಟರ್ ಮಾತ್ರ ಮುಂದಿನ ಹಂಗಾಮಿನವರೆಗೆ ನನ್ನ ಹತ್ತಿರ ಇರುತ್ತದೆ. ಅಬಕಾರಿ ಪರವಾನಗಿ ನವೀಕರಣಕ್ಕೆ ಬರುವ ಮೊದಲೇ ಅರ್ಜಿ ಹಾಕಿ.